ಮೊದಲು ಚಕ್ರ ನೆಲಕ್ಕೆ ತಾಗಲಿ, ಆಮೇಲೆ ಡಿಫರೆನ್ಷಿಯಲ್

ಓದುಗರ ಪತ್ರ: ನನ್ನದು 1991ರ ಮಾಜ್ದಾ ಮಿಯಾಟ. 1.6 ಲೀಟರ್ ಇಂಜಿನ್, ಓಪನ್ ಡಿಫರೆನ್ಷಿಯಲ್ (ಇಂಜಿನ್ ಬಲವನ್ನು ಎರಡು ಹಿಂದಿನ ಚಕ್ರಗಳಿಗೆ ಹಂಚುವ, ಯಾವ ಲಾಕೂ ಇಲ್ಲದ ಗೇರ್ ಡಬ್ಬಿ). ತಿಂಗಳಿಗೊಮ್ಮೆ ಆಟೋಕ್ರಾಸ್ (ಕೋನ್‌ಗಳ ನಡುವೆ ಕಾರು ಓಡಿಸುವ ಸ್ಪರ್ಧೆ), ವರ್ಷಕ್ಕೆ ಎರಡು ಸಲ ಲಗುನಾ ಸೆಕಾ ಟ್ರ್ಯಾಕ್, ಶುಕ್ರವಾರ ಆಫೀಸಿಗೂ ಇದೇ ಕಾರು. ಹೋದ ವರ್ಷ ಹಿಂದುಗಡೆ ದಪ್ಪ ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸಲಾಕೆ) ಹಾಕಿಸಿದೆ. ಈಗ ತಿರುವಿನಿಂದ ಹೊರಬರುವಾಗ ಹಿಂದಿನ ಒಳಗಿನ ಚಕ್ರ ಸುಮ್ನೆ ಸುತ್ತಿ ಹೊಗೆ ಬಿಡುತ್ತದೆ. ಗ್ಯಾರೇಜಿನವರು ಟೂ-ವೇ ಕ್ಲಚ್ ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಒಂದೇ ಚಕ್ರ ಸುಮ್ನೆ ಸುತ್ತದಂತೆ ತಡೆಯುವುದು) ಹಾಕಿಸಿ ಅನ್ನುತ್ತಾರೆ. ಗೆಳೆಯರು ಹಳೇ ಟಾರ್ಸನ್ (ಪ್ಲೇಟ್ ಇಲ್ಲದೆ ಗೇರುಗಳಿಂದಲೇ ಕೆಲಸ ಮಾಡುವ ಎಲ್‌ಎಸ್‌ಡಿ) ಸಾಕು ಅನ್ನುತ್ತಾರೆ. ಇನ್ನೊಬ್ಬರು ಡಿಫರೆನ್ಷಿಯಲ್ಲನ್ನೇ ವೆಲ್ಡ್ ಮಾಡಿಬಿಡು ಅಂದರು. ಮದ್ದೂರಿನ ಕಡೆ ಊರು, ಅಲ್ಲಿ ಟ್ರ್ಯಾಕ್ಟರ್ ಬಿಟ್ಟು ಬೇರೇನೂ ಬಿಚ್ಚಿದವನಲ್ಲ. ದಾರಿ ತೋರಿಸಿ. — ಫ್ರೀಮಾಂಟ್‌ನಿಂದ ಒಬ್ಬ ಓದುಗ

ಉತ್ತರ: ಟ್ರ್ಯಾಕ್ಟರ್ ಬಿಚ್ಚಿದ್ದೀರಿ ಅಂದಮೇಲೆ ಅರ್ಧ ಪಾಠ ಆಗಲೇ ಮುಗಿದಿದೆ. ಕೆಸರು ಗದ್ದೆಯಲ್ಲಿ ಒಂದು ದೊಡ್ಡ ಚಕ್ರ ಹೂತುಕೊಂಡು ಸುಮ್ನೆ ಸುತ್ತುವಾಗ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಅಲ್ಲಾಡದೆ ನಿಂತಿರುತ್ತದೆ. ಆಗ ನೀವು ಡಿಫರೆನ್ಷಿಯಲ್ ಲಾಕ್ ಪೆಡಲ್ ತುಳಿಯುತ್ತೀರಿ, ಗಾಡಿ ಮೇಲೆ ಬರುತ್ತದೆ. ಬದುವಿನ ಹತ್ತಿರ ತಿರುಗಿಸುವ ಮೊದಲು ಕಾಲು ತೆಗೆಯುತ್ತೀರಿ. ತೆಗೆಯದಿದ್ದರೆ ಟ್ರ್ಯಾಕ್ಟರ್ ತಿರುಗದೆ ನೇರ ನುಗ್ಗುತ್ತದೆ. ವೆಲ್ಡ್ ಮಾಡಿಸುವುದು ಅಂದರೆ ಆ ಪೆಡಲ್ ಮೇಲೆ ಜನ್ಮಪೂರ್ತಿ ಕಾಲಿಟ್ಟ ಹಾಗೆ. ಆಫೀಸಿಗೆ ಹೋಗುವ ಕಾರಿಗೆ ಅದು ಬೇಡವೇ ಬೇಡ.

ಈಗ ನಿಮ್ಮ ಹೊಗೆಯ ಮಾತು. ಪತ್ರದಲ್ಲಿ ನೀವೇ ಕಾರಣ ಬರೆದಿದ್ದೀರಿ. ಹಿಂದಿನ ಬಾರ್ ದಪ್ಪವಾದಷ್ಟೂ ತಿರುವಿನಲ್ಲಿ ಒಳಗಿನ ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗುತ್ತದೆ. ಕಾರು ಮೂತಿ ಚೆನ್ನಾಗಿ ತಿರುಗಿಸುತ್ತದೆ ನಿಜ, ಆದರೆ ಆ ಚಕ್ರ ನೆಲವನ್ನು ಸವರಿಕೊಂಡು ಹೋಗುತ್ತದೆ ಅಷ್ಟೇ. 116 ಅಶ್ವಶಕ್ತಿಯ ಕಾರು ಈ ಪರಿ ಹೊಗೆ ಬಿಡಬೇಕಾದರೆ ಚಕ್ರ ಹೆಚ್ಚುಕಡಿಮೆ ಗಾಳಿಯಲ್ಲೇ ಇರಬೇಕು. ದುಡ್ಡು ಖರ್ಚು ಮಾಡುವ ಮೊದಲು ಹಳೇ ಬಾರ್ ವಾಪಸ್ ಹಾಕಿ ಒಂದು ಭಾನುವಾರ ಓಡಿಸಿ ನೋಡಿ. ಮಿಯಾಟದಲ್ಲಿ ಆಟೋಕ್ರಾಸ್ ಮಾಡುವವರಲ್ಲಿ ಎಷ್ಟೋ ಜನ ದಪ್ಪ ಬಾರನ್ನು ಮುಂದುಗಡೆ ಹಾಕುತ್ತಾರೆ, ಹಿಂದಿನದನ್ನು ತೆಳ್ಳಗೆ ಇಡುತ್ತಾರೆ. ಕಾರಣ ಇದೇ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಟಾರ್ಸನ್‌ಗೆ ಗಾಳಿಯಲ್ಲಿರುವ ಚಕ್ರ ಕಂಡರೆ ಆಗದು. ಲೆಕ್ಕ ನೋಡಿ. ಒಳಗಿನ ಚಕ್ರ 10 ಪಾಲು ಬಲ ತಡೆಯುತ್ತದೆ ಅಂದುಕೊಳ್ಳಿ. ಓಪನ್ ಡಿಫರೆನ್ಷಿಯಲ್ ಹೊರಗಿನದಕ್ಕೂ 10 ಮಾತ್ರ ಕೊಡುತ್ತದೆ, ಒಟ್ಟು 20. ಎರಡೂವರೆ ಪಟ್ಟು ಹಂಚುವ ಟಾರ್ಸನ್ ಆದರೆ ಹೊರಗಿನದಕ್ಕೆ 25, ಒಟ್ಟು 35. ಒಳಗಿನದು ಎದ್ದೇ ಬಿಟ್ಟರೆ? ಸೊನ್ನೆಯ ಎರಡೂವರೆ ಪಟ್ಟು ಸೊನ್ನೆ. ನೆಲದ ಹಿಡಿತವನ್ನು ಯಾವ ಡಿಫರೆನ್ಷಿಯಲ್ಲೂ ಹುಟ್ಟಿಸುವುದಿಲ್ಲ, ಇರುವುದನ್ನು ಹಂಚುತ್ತದೆ.

ಕ್ಲಚ್ ಪ್ಲೇಟ್ ಎಲ್‌ಎಸ್‌ಡಿ ಹಾಗಲ್ಲ, ಒಂದು ಚಕ್ರ ಎದ್ದರೂ ಇನ್ನೊಂದನ್ನು ತಳ್ಳುತ್ತದೆ. ಅದು ಅದರ ದೊಡ್ಡ ಗುಣ. ಆದರೆ ಟೂ-ವೇ ಅಂದರೆ ಆಕ್ಸಿಲರೇಟರ್ ಬಿಟ್ಟಾಗಲೂ ಹಿಡಿಯುತ್ತದೆ. ಬ್ರೇಕ್ ಹಾಕಿ ತಿರುವಿಗೆ ಇಳಿಯುವಾಗ ಕಾರು ನೇರ ಹೋಗಲು ನೋಡುತ್ತದೆ. ಡ್ರಿಫ್ಟ್ ಮಾಡುವವರಿಗೆ ಅದು ಬೇಕು. ಕೋನ್‌ಗಳ ನಡುವೆ ನುಸುಳುವ ನಿಮಗೆ ಬೇಡ. ಪ್ಲೇಟ್ ಬೇಕೇ ಬೇಕು ಅಂದರೆ ಒನ್-ವೇ (ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಹಿಡಿಯುವುದು) ಅಥವಾ ಒನ್ ಪಾಯಿಂಟ್ ಫೈವ್ (ಬಿಟ್ಟಾಗ ಸ್ವಲ್ಪವೇ ಹಿಡಿಯುವುದು) ಕೇಳಿ. ಪ್ಲೇಟ್ ಸವೆಯುತ್ತದೆ, ಬಿಚ್ಚಿ ಹೊಸದು ಹಾಕುವ ಕೆಲಸ ಇರುತ್ತದೆ. ಆಯಿಲ್‌ನಲ್ಲೂ ಹುಷಾರಾಗಿರಬೇಕು. ನನ್ನ ಹಳೇ ಕಾರಿಗೆ ಪ್ಲೇಟ್ ಎಲ್‌ಎಸ್‌ಡಿ ಹಾಕಿಸಿದಾಗ ಗ್ಯಾರೇಜಿನವರು ಫ್ರಿಕ್ಷನ್ ಮಾಡಿಫೈಯರ್ (ಪ್ಲೇಟುಗಳು ನುಣ್ಣಗೆ ಜಾರಲು ಬೆರೆಸುವ ದ್ರವ) ಇಲ್ಲದ ಆಯಿಲ್ ತುಂಬಿ ಕಳಿಸಿದ್ದರು. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಹಿಂದಿನಿಂದ ಕಟಕಟಕಟ. ಮೇಲಿನ ಮನೆಯವರು ಬಾಲ್ಕನಿಗೆ ಬಂದು ನೋಡುವಷ್ಟು ಸದ್ದು.

ನನ್ನ ಆಯ್ಕೆ ಟಾರ್ಸನ್. ಆದರೆ ನಿಮ್ಮ ಈಗಿನ ಡಬ್ಬಿಯೊಳಗೆ ಯಾವ ಎಲ್‌ಎಸ್‌ಡಿಯನ್ನೂ ಹಾಕಬೇಡಿ. 1990ರಿಂದ 1993ರವರೆಗಿನ 1.6 ಕಾರಿನ ಕ್ರೌನ್ ವೀಲ್ (ಡಿಫರೆನ್ಷಿಯಲ್ ಒಳಗಿನ ದೊಡ್ಡ ಹಲ್ಲುಚಕ್ರ) 6 ಇಂಚಿನದು, ಟ್ರ್ಯಾಕ್‌ನಲ್ಲಿ ಹಲ್ಲು ಮುರಿಯುವುದಕ್ಕೆ ಹೆಸರಾದದ್ದು. 1994ರಲ್ಲಿ 1.8 ಇಂಜಿನ್ ಬಂದಾಗ ಅದನ್ನು 7 ಇಂಚು ಮಾಡಿದರು, ಟಾರ್ಸನ್ ಕೊಡಲು ಶುರು ಮಾಡಿದ್ದೂ ಆಗಲೇ. ಅದಕ್ಕೂ ಮೊದಲು ಸಿಗುತ್ತಿದ್ದದ್ದು ವಿಸ್ಕಸ್, ಅಂದರೆ ಮಂದ ದ್ರವದಿಂದ ಹಿಡಿಯುವ ಎಲ್‌ಎಸ್‌ಡಿ. ಅದರೊಳಗಿನ ಸಿಲಿಕೋನ್ ದ್ರವ ಇಷ್ಟು ವರ್ಷಕ್ಕೆ ಬಲ ಕಳೆದುಕೊಂಡಿರುತ್ತದೆ, ಅಗ್ಗಕ್ಕೆ ಸಿಕ್ಕರೂ ಬೇಡ. 1.8ರ ಪೂರ್ತಿ ಸೆಟ್ ತೆಗೆದುಕೊಳ್ಳಿ: ಹೌಸಿಂಗ್ ಸಮೇತ ಡಿಫರೆನ್ಷಿಯಲ್, ಅದರಿಂದ ಚಕ್ರಗಳಿಗೆ ಹೋಗುವ ಎರಡು ಹಾಫ್ ಶಾಫ್ಟ್, ಗೇರ್‌ಬಾಕ್ಸಿನಿಂದ ಅದಕ್ಕೆ ಬರುವ ಪ್ರೊಪೆಲರ್ ಶಾಫ್ಟ್. ಒಂದು ಬಿಟ್ಟರೂ ಕೂರುವುದಿಲ್ಲ.

ಇನ್ನೊಂದು ವಿಷಯ. ನಿಮ್ಮದು 4.3 ರೇಶಿಯೋ, ಅಂದರೆ ಪ್ರೊಪೆಲರ್ ಶಾಫ್ಟ್ 4.3 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 1994ರಿಂದ 97ರ ಸೆಟ್ 4.1. ಅದನ್ನು ಹಾಕಿದರೆ ಎಳೆತ ಸ್ವಲ್ಪ ಕಡಿಮೆಯಾಗುತ್ತದೆ, ಸ್ಪೀಡೋಮೀಟರ್ ಸಹ ಸುಮಾರು ಶೇ. 5 ಕಡಿಮೆ ತೋರಿಸುತ್ತದೆ. ಮುಳ್ಳು 60ರಲ್ಲಿದ್ದರೆ ನೀವು 63ರಲ್ಲಿರುತ್ತೀರಿ. 1999ರ ಐದು ಗೇರಿನ ಕಾರಿನ 4.3 ಟಾರ್ಸನ್ ಸಿಕ್ಕರೆ ಹುಡುಕಿ ತನ್ನಿ. ಲಗುನಾ ಸೆಕಾದ 11ನೇ ತಿರುವು ಎಷ್ಟು ನಿಧಾನದ್ದು ಅಂತ ನಿಮಗೇ ಗೊತ್ತು. ಅಲ್ಲಿ ಕಳೆದುಕೊಂಡದ್ದು ಇಡೀ ಮೇನ್ ಸ್ಟ್ರೇಟ್ ಉದ್ದಕ್ಕೂ ಹಿಂದೆ ಬರುತ್ತದೆ ಅಲ್ವಾ? ಆ ಜಾಗದಲ್ಲಿ 4.3ರ ಎಳೆತ ಬೇಕು.

ಹಳೇ ಸಾಮಾನು ಕೊಳ್ಳುವಾಗ ಕೈಯಿಂದ ಸುತ್ತಿ ನೋಡಿ ಟಾರ್ಸನ್ ಅಂತ ನಂಬಬೇಡಿ. ಎರಡೂ ಕಡೆ ಭಾರ ಇಲ್ಲದಾಗ ಅದೂ ಓಪನ್ ಥರವೇ ಉಲ್ಟಾ ಸುತ್ತಬಹುದು. ಹಾಫ್ ಶಾಫ್ಟ್ ಕೂರುವ ತೂತಿಗೆ ಟಾರ್ಚ್ ಬಿಡಿ. ನಡುವೆ ಅಡ್ಡ ಪಿನ್ ಕಂಡರೆ ಅದು ಓಪನ್, ವಾಪಸ್ ಕೊಡಿ.

ಜೋಡಿಸುವಾಗ ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್ಲಿಗೂ ನಡುವೆ ಇರುವ ಉದ್ದನೆಯ ಅಲ್ಯೂಮಿನಿಯಂ ತೊಲೆಯ ಎತ್ತರ ಅಳೆದು ಕೂರಿಸಲು ಹೇಳಿ. ಅದು ತಪ್ಪಿದರೆ ಕಾರು ನಡುಗುತ್ತದೆ. ಆಯಿಲ್ ಮಾತ್ರ ನೀವೇ ಹಾಕಿ: 75ಡಬ್ಲ್ಯು-90, ಜಿಎಲ್-5, ಸುಮಾರು ಒಂದು ಲೀಟರ್. ಕೆಳಗಿನ ಡ್ರೈನ್ ಬೋಲ್ಟಿಗೆ ಕೈ ಹಾಕುವ ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿಕೊಳ್ಳಿ. ಹಳೇ ಡಬ್ಬಿಯಲ್ಲಿ ಅದು ತುಕ್ಕು ಹಿಡಿದು ಜಗ್ಗದೇ ಹೋದರೆ, ಆಯಿಲ್ ಇಳಿಸಿದ ಮೇಲೆ ತುಂಬಲು ದಾರಿಯೇ ಇರುವುದಿಲ್ಲ.