ಅಪ್ಪನ ಹೆಸರಿಗಾಗಿ ಮಗುವಿನ ನೋಂದಣಿ ನಿಲ್ಲಿಸಬೇಡಿ

ಪ್ರಿಯ ಓದುಗರೇ,

ನಿಮ್ಮ ಪತ್ರ ತಲುಪಿತು. ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಗೇ ಮಾಡಿದ್ದೇವೆ. ಉಳಿದ ಓದುಗರಿಗೆ ವಿಷಯ ತಿಳಿಯಲಿ ಎಂದು ಪತ್ರದ ಸಾರವನ್ನಷ್ಟೇ ಇಲ್ಲಿ ಹೇಳುತ್ತೇನೆ.

ನಿಮ್ಮ ತಂಗಿಯ ಮದುವೆ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿಯಾಗಿದೆ. ಗಂಡ ಮೊದಲ ವರ್ಷವೇ ಬಿಟ್ಟು ಬೇರೆ ರಾಜ್ಯಕ್ಕೆ ಹೋದ. ಆಮೇಲೆ ಒಂದು ದಿನವೂ ಇಬ್ಬರೂ ಜೊತೆಗಿರಲಿಲ್ಲ. ವಿಚ್ಛೇದನದ ಕೇಸು ಇನ್ನೂ ನಡೆಯುತ್ತಿದೆ. ಈ ನಡುವೆ ತಂಗಿಗೆ ಇನ್ನೊಬ್ಬರ ಪರಿಚಯವಾಗಿ ಈಗ ಮಗು ಹುಟ್ಟಿದೆ. ಆತ ಮಗು ತನ್ನದೇ ಎಂದು ಒಪ್ಪುತ್ತಾರೆ, ವಿಚ್ಛೇದನ ಆದ ಕೂಡಲೇ ಮದುವೆಯಾಗುತ್ತೇನೆ ಎನ್ನುತ್ತಾರೆ. ಆಸ್ಪತ್ರೆಗೆ ಹೊರಡುವಷ್ಟರಲ್ಲೇ ನಿಮ್ಮ ಮನೆಯಲ್ಲಿ ಹೆರಿಗೆಯಾಯಿತು. ತಂಗಿ, ಮಗು ಇಬ್ಬರೂ ನಿಮ್ಮ ಜೊತೆಗೇ ಇದ್ದಾರೆ. ಮಗುವಿಗೆ ನಾಲ್ಕು ತಿಂಗಳು, ಜನನ ನೋಂದಣಿ ಇನ್ನೂ ಆಗಿಲ್ಲ. ಒಬ್ಬರು ಗಂಡನ ಹೆಸರೇ ಹಾಕಿಸಿಬಿಡಿ ಎನ್ನುತ್ತಾರೆ. ಇನ್ನೊಬ್ಬರು ಡಿಎನ್‌ಎ ಮಾಡಿಸಿದರೆ ಎಲ್ಲ ಮುಗಿಯಿತು ಎನ್ನುತ್ತಾರೆ. ಮತ್ತೊಬ್ಬರು ಅಪ್ಪನ ಹೆಸರಿಲ್ಲದಿದ್ದರೆ ಶಾಲೆಗೇ ಸೇರಿಸಿಕೊಳ್ಳಲ್ಲ ಎಂದು ಹೆದರಿಸಿದ್ದಾರೆ. 'ಏನು ಮಾಡುವುದು ತಿಳಿಯುತ್ತಿಲ್ಲ, ಅದಕ್ಕೇ ಸುಮ್ಮನಿದ್ದೇವೆ' ಎಂದು ಬರೆದಿದ್ದೀರಿ.

ಸುಮ್ಮನಿರುವುದನ್ನು ಮೊದಲು ಬಿಡಿ. ಮೂರು ಸಲಹೆಗಳ ಮಾತು ಆಮೇಲೆ.

ನಿಮ್ಮ ಗೊಂದಲಕ್ಕೆ ಕಾರಣ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟಿಗೆ ಸೇರಿಸಿರುವುದು. ಮಗು ಯಾವತ್ತು, ಎಲ್ಲಿ ಹುಟ್ಟಿತು ಎಂದು ಬರೆದುಕೊಳ್ಳುವುದು ನೋಂದಣಿ ಕಚೇರಿಯ ಕೆಲಸ. ತಂದೆ ಯಾರು ಎಂಬ ತಕರಾರು ಬಂದರೆ ಅದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಎರಡನೆಯದು ಬಗೆಹರಿಯಲಿ ಎಂದು ಮೊದಲನೆಯದನ್ನು ತಡೆಹಿಡಿಯುವ ಅಗತ್ಯ ಕಾನೂನಿನಲ್ಲಿ ಎಲ್ಲೂ ಇಲ್ಲ.

ಜನನ ಮತ್ತು ಮರಣ ನೋಂದಣಿ ಕಾಯ್ದೆ 1969ರದು. 2023ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಬಂತು. ಆ ವರ್ಷದ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮಾಹಿತಿ ಕಳಿಸುವುದು ಆಸ್ಪತ್ರೆಯ ಹೊಣೆ. ಮನೆಯಲ್ಲಾದರೆ ಆ ಮನೆಯ ಮುಖ್ಯಸ್ಥರ ಹೊಣೆ, ಅವರು ಇಲ್ಲದಿದ್ದರೆ ಮನೆಯಲ್ಲಿರುವ ಅವರ ಹತ್ತಿರದ ಬಂಧುವಿನದು. ಅಂದರೆ ಇಲ್ಲಿ ತಿಳಿಸಬೇಕಾದವರು ನಿಮ್ಮ ಮನೆಯವರೇ! ತಂಗಿಯ ಗಂಡನೂ ಅಲ್ಲ, ಮಗುವಿನ ತಂದೆಯೂ ಅಲ್ಲ. ಬೇಸರ ಮಾಡಿಕೊಳ್ಳಬೇಡಿ, ಆದರೆ ಇಷ್ಟು ದಿನ ಕಾಯ್ದದ್ದು ನಿಮ್ಮ ಕಡೆಯ ಲೋಪವೇ.

ತಿಳಿಸಲು ಇರುವ ಸಮಯ 21 ದಿನ. ಅದು ದಾಟಿ 30 ದಿನದೊಳಗಾದರೆ ತಡದ ಶುಲ್ಕ ಕಟ್ಟಿದರೆ ಸಾಕು. 30 ದಿನ ಕಳೆದು ಒಂದು ವರ್ಷದೊಳಗಾದರೆ ಜಿಲ್ಲಾ ನೋಂದಣಾಧಿಕಾರಿಯ ಅಥವಾ ನಿಯಮದಲ್ಲಿ ಹೇಳಿದ ಬೇರೆ ಅಧಿಕಾರಿಯ ಲಿಖಿತ ಅನುಮತಿ ಬೇಕು. ನೀವಿರುವುದು ಈ ಹಂತದಲ್ಲಿ. ಮೊದಲು ಇದಕ್ಕೆ ನೋಟರಿ ಮುಂದೆ ಮಾಡಿದ ಅಫಿಡವಿಟ್ ಬೇಕಿತ್ತು. ತಿದ್ದುಪಡಿ ಬಂದ ಮೇಲೆ ಸ್ವಯಂ ದೃಢೀಕರಿಸಿದ ದಾಖಲೆ ಕೊಟ್ಟರಾಯಿತು. ವರ್ಷ ದಾಟಿದರೆ ತಾಪತ್ರಯ ಜಾಸ್ತಿ. ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ನೇಮಿಸಿದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ವಿಚಾರಿಸಿ ಆದೇಶ ಕೊಡಬೇಕಾಗುತ್ತದೆ. ನಿಮಗೆ ಇನ್ನೂ ಎಂಟು ತಿಂಗಳಿದೆ, ಅಷ್ಟನ್ನೂ ಬಳಸಿಕೊಳ್ಳಲು ಹೋಗಬೇಡಿ.

ಅರ್ಜಿ ಹಾಕಬೇಕಾದದ್ದು ಮಗು ಹುಟ್ಟಿದ ಜಾಗದ ನೋಂದಣಾಧಿಕಾರಿಗೆ. ತಂಗಿಯ ಆಧಾರ್‌ನಲ್ಲಿರುವ ವಿಳಾಸ ಯಾವುದೇ ಇರಲಿ, ಅದು ಇಲ್ಲಿ ಲೆಕ್ಕಕ್ಕಿಲ್ಲ. ತಾಯಿ ಕಾರ್ಡ್, ಮಗುವಿನ ಲಸಿಕೆ ದಾಖಲೆ, ಹೆರಿಗೆಯಾದ ಮೇಲೆ ನೋಡಿದ ವೈದ್ಯರ ಚೀಟಿ ಎಲ್ಲವನ್ನೂ ಜೊತೆಗೆ ಒಯ್ಯಿರಿ. ಮಗುವಿಗೆ ಹೆಸರಿಟ್ಟಿಲ್ಲವೆಂದರೂ ತೊಂದರೆಯಿಲ್ಲ. ಹೆಸರಿಲ್ಲದೆ ನೋಂದಾಯಿಸಿ, ಆಮೇಲೆ ಹೆಸರು ಸೇರಿಸಲು ಕಾಯ್ದೆಯ 14ನೇ ಕಲಂನಲ್ಲೇ ಅವಕಾಶವಿದೆ.

ಈಗ ಗಂಡನ ಹೆಸರು ಹಾಕಿಸಿಬಿಡಿ ಎಂಬ ಸಲಹೆ. ಹೇಳಿದವರು ಕೆಟ್ಟವರಲ್ಲ, ಈ ಹೊತ್ತಿನ ಮುಜುಗರ ತಪ್ಪಲಿ ಎಂದು ಹೇಳಿದ್ದಾರೆ. ಆದರೂ ಆ ಮಾತು ಕೇಳಬೇಡಿ. ಗೊತ್ತಿದ್ದೂ ಸುಳ್ಳು ಮಾಹಿತಿ ಕೊಡುವುದು ಇದೇ ಕಾಯ್ದೆಯಲ್ಲಿ ದಂಡ ಹಾಕುವಂಥ ತಪ್ಪು. ದಂಡದ ಮೊತ್ತ ಸಣ್ಣದು, ನಿಜವಾದ ಪೆಟ್ಟು ಬೀಳುವುದು ಬೇರೆ ಕಡೆ.

ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಒಂದು ಹಳೆಯ ನಿಯಮವಿದೆ. 1872ರ ಕಾಯ್ದೆಯಲ್ಲಿ ಅದು 112ನೇ ಕಲಂ ಆಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 116ನೇ ಕಲಂ. ಸಿಂಧುವಾದ ಮದುವೆ ಇರುವಾಗ ಹುಟ್ಟಿದ ಮಗು ಆ ಗಂಡನದೇ ಎಂದು ಕಾನೂನು ತಿಳಿಯುತ್ತದೆ. ಮದುವೆ ಮುರಿದ 280 ದಿನದೊಳಗೆ, ತಾಯಿ ಬೇರೆ ಮದುವೆಯಾಗದೆ ಇರುವಾಗ ಹುಟ್ಟಿದರೂ ಅಷ್ಟೇ. ಇದನ್ನು ಕಾನೂನು ನಿರ್ಣಾಯಕ ರುಜುವಾತು ಎಂದೇ ಕರೆಯುತ್ತದೆ. ಇದನ್ನು ಮುರಿಯಲು ಇರುವ ಬಾಗಿಲು ಒಂದೇ. ಗರ್ಭ ನಿಂತಿರಬಹುದಾದ ಸಮಯದಲ್ಲಿ ಗಂಡ ಹೆಂಡತಿ ಕೂಡಲು ಅವಕಾಶವೇ ಇರಲಿಲ್ಲ ಎಂದು ತೋರಿಸಬೇಕು.

ನಿಮ್ಮ ತಂಗಿಯ ವಿಷಯದಲ್ಲಿ ಇದನ್ನು ತೋರಿಸಲು ಆಗುತ್ತದೆ. ಗಂಡ ಬೇರೆ ರಾಜ್ಯದಲ್ಲಿದ್ದ, ವರ್ಷಗಟ್ಟಲೆ ಭೇಟಿಯಿಲ್ಲ. ಆದರೆ ಜನನ ದಾಖಲೆಯಲ್ಲಿ ತಾವೇ ಕೈಯಾರೆ ಆತನ ಹೆಸರು ಬರೆಸಿ, ನಾಳೆ ಕೋರ್ಟಿನಲ್ಲಿ ಆತ ತಂದೆಯಲ್ಲ ಎಂದು ಹೇಳಿದರೆ ಎದುರಿನ ವಕೀಲರು ಮೊದಲು ತೋರಿಸುವ ಕಾಗದ ಅದೇ ಆಗಿರುತ್ತದೆ, ಅಲ್ವಾ?

ಸುಪ್ರೀಂ ಕೋರ್ಟು 2025ರ ಜನವರಿ 28ರಂದು ತೀರ್ಮಾನಿಸಿದ ಕೇರಳದ ಒಂದು ಪ್ರಕರಣ ಇಲ್ಲಿ ನೆನಪಾಗುತ್ತದೆ. ಮದುವೆಯಾದದ್ದು 1989ರಲ್ಲಿ. ಮಗ ಹುಟ್ಟಿದ್ದು 2001ರಲ್ಲಿ, ಗಂಡ ಹೆಂಡತಿ ಬೇರೆಯಾದದ್ದು 2003ರಲ್ಲಿ, ವಿಚ್ಛೇದನ 2006ರಲ್ಲಿ. ಆಮೇಲೆ ತಾಯಿ ನಗರಪಾಲಿಕೆಗೆ ಹೋಗಿ ಮಗನ ತಂದೆ ಬೇರೊಬ್ಬರು, ಅವರ ಹೆಸರು ದಾಖಲಿಸಿ ಎಂದರು. ಕೋರ್ಟಿನ ಆದೇಶ ತನ್ನಿ ಎಂಬ ಉತ್ತರ ಸಿಕ್ಕಿತು. ಅಲ್ಲಿಂದ ಶುರುವಾದ ಓಡಾಟ ಮುಗಿಯುವಷ್ಟರಲ್ಲಿ ಮಗನಿಗೆ 20 ದಾಟಿತ್ತು. ಕೊನೆಗೂ ತಾಯಿ, ಮಗ ಕೇಳಿದ್ದು ಸಿಗಲಿಲ್ಲ. ಮಗು ಹುಟ್ಟುವ ಹೊತ್ತಿಗೆ ಗಂಡ ಹೆಂಡತಿ ಒಟ್ಟಿಗೇ ಇದ್ದರು. ಹಾಗಾಗಿ ಕಾನೂನಿನ ಕಣ್ಣಿಗೆ ಗಂಡನೇ ತಂದೆ, ಮೂರನೆಯ ವ್ಯಕ್ತಿಯನ್ನು ಡಿಎನ್‌ಎ ಪರೀಕ್ಷೆಗೆ ಎಳೆಯುವಂತಿಲ್ಲ ಎಂದು ನ್ಯಾಯಾಲಯ ಹೇಳಿತು.

ನಿಮ್ಮ ಸಂಗತಿ ಅದಕ್ಕಿಂತ ಬೇರೆ, ಗಾಬರಿಯಾಗಬೇಡಿ. ಆದರೆ ಡಿಎನ್‌ಎ ಮಾಡಿಸಿದರೆ ಮುಗಿಯಿತು ಎಂಬ ಮಾತು ಎಷ್ಟು ಪೊಳ್ಳು ಎನ್ನುವುದು ಇದರಿಂದ ಗೊತ್ತಾಗುತ್ತದೆ. ಹಿರಿಯ ರಾಜಕಾರಣಿ ನಾರಾಯಣ ದತ್ತ ತಿವಾರಿ ಅವರೇ ತನ್ನ ತಂದೆ ಎಂದು ಒಬ್ಬರು ಹೂಡಿದ ಪ್ರಕರಣ ನಿಮ್ಮ ನೆಂಟರಿಗೆ ನೆನಪಿರಬಹುದು. 2012ರಲ್ಲಿ ಡಿಎನ್‌ಎ ವರದಿ ಹೊರಬಿದ್ದು ದೇಶವೆಲ್ಲ ಮಾತಾಡಿತ್ತು. ಆ ಮಗ 2008ರಲ್ಲೇ ಕೋರ್ಟಿಗೆ ಹೋಗಿದ್ದರು, ನಡುವಿನ ಆ ನಾಲ್ಕು ವರ್ಷ ಯಾರಿಗೂ ನೆನಪಿಲ್ಲ. ಡಿಎನ್‌ಎ ಪರೀಕ್ಷೆಯನ್ನು ಸುಮ್ನೆ ಕೇಳಿದ ಕೂಡಲೇ ಆದೇಶಿಸಬಾರದು ಎಂದು ಸುಪ್ರೀಂ ಕೋರ್ಟು 1993ರಲ್ಲೇ ಹೇಳಿದೆ. 2014ರ ಜನವರಿಯ ಒಂದು ತೀರ್ಪಿನಲ್ಲಿ ಮಾತ್ರ, ಪರೀಕ್ಷೆ ಆಗಿ ಫಲಿತಾಂಶ ಕಣ್ಣೆದುರೇ ಇರುವಾಗ ವಿಜ್ಞಾನದ ಮಾತೇ ಮೇಲು ಎಂದಿತು. ಈ ಎರಡರ ನಡುವೆ ಕೋರ್ಟುಗಳು ಇಂದಿಗೂ ತೂಗಿ ನೋಡುತ್ತವೆ. ಖಾಸಗಿ ಲ್ಯಾಬಿನಲ್ಲಿ ಮಾಡಿಸಿದ ವರದಿ ಹಿಡಿದು ನೋಂದಣಿ ಕಚೇರಿಗೆ ಹೋದರೆ, ಅದನ್ನು ನೋಡಿ ತಂದೆ ಯಾರೆಂದು ತೀರ್ಮಾನಿಸುವ ಅಧಿಕಾರ ಅಲ್ಲಿನ ಯಾರಿಗೂ ಇಲ್ಲ. ಆ ದುಡ್ಡು ಉಳಿಸಿಕೊಳ್ಳಿ.

ಒಂದು ಮಾತು ನನ್ನದಾಗಿ ಹೇಳಬೇಕು. ಈ 280 ದಿನದ ನಿಯಮ ಬರೆದಾಗ ರಕ್ತದ ಗುಂಪು ಎಂಬುದೇ ಗೊತ್ತಿರಲಿಲ್ಲ. ಹೊಸ ಕಾಯ್ದೆ ಬರೆಯುವಾಗ ಅದನ್ನು ಹಾಗೇ ಇಳಿಸಿಕೊಂಡರು. ಡಿಎನ್‌ಎಗೆ ಒಂದು ಜಾಗ ಮಾಡಿಕೊಡಬಹುದಿತ್ತು, ಮಾಡಲಿಲ್ಲ. ಅದು ನನಗೆ ಸರಿ ಕಾಣುವುದಿಲ್ಲ. ಹಾಗೆಂದು ನಿಯಮವೇ ಬೇಡ ಎನ್ನಲಾರೆ. ಹೆಂಡತಿಯ ಮೇಲೆ ಕೋಪ ಬಂದಾಗಲೆಲ್ಲ ಮಗು ನನ್ನದಲ್ಲ ಎನ್ನುವ ಗಂಡಸರಿಂದ ಎಷ್ಟೋ ಮಕ್ಕಳನ್ನು ಕಾಪಾಡಿರುವುದು ಇದೇ ಗೋಡೆ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇದೇ ಅಂಶವನ್ನು ಎತ್ತಿಹಿಡಿಯಿತು. ದಂಪತಿಯ ಜಗಳದಲ್ಲಿ ಮಗುವನ್ನು ಪರೀಕ್ಷೆಯ ಸಾಮಾನಿನಂತೆ ಎಳೆಯಬಾರದು, ಮಗುವಿಗೂ ತನ್ನ ಖಾಸಗಿತನವಿದೆ ಎಂದಿತು. ಅದು ಒಪ್ಪುವ ಮಾತು. ನಿಮ್ಮ ತಂಗಿಯಂಥವರಿಗೆ ಮಾತ್ರ ಅದೇ ಗೋಡೆ ಅಡ್ಡವಾಗಿದೆ.

ಸರಿ, ಹಾಗಾದರೆ ತಂದೆಯ ಕಾಲಂನಲ್ಲಿ ಏನು ಬರೆಯುವುದು? ಸದ್ಯಕ್ಕೆ ಖಾಲಿ ಬಿಡಿ ಎನ್ನುವುದು ನನ್ನ ಸಲಹೆ. ತಾಯಿಯ ಹೆಸರೊಂದೇ ಇರಲಿ. 2015ರ ಜುಲೈ 6ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಒಂಟಿ ಪೋಷಕಿ ಅಥವಾ ಅವಿವಾಹಿತ ತಾಯಿ ತಾನು ಹೆತ್ತ ಮಗುವಿಗೆ ಜನನ ಪ್ರಮಾಣಪತ್ರ ಕೇಳಿದರೆ ಅವಳಿಂದ ಒಂದು ಅಫಿಡವಿಟ್ ಪಡೆದು ಪತ್ರ ಕೊಡಬೇಕು ಎಂದು ಹೇಳಿದೆ. ತಂದೆ ಯಾರೆಂದು ಹೇಳುವಂತೆ ಅವಳನ್ನು ಒತ್ತಾಯಿಸುವಂತಿಲ್ಲ. 2023ರ ತಿದ್ದುಪಡಿ ಕೂಡ ಒಂಟಿ ಪೋಷಕರನ್ನೂ ಅವಿವಾಹಿತ ತಾಯಿಯನ್ನೂ ಮಾಹಿತಿ ಕೊಡುವವರ ಪಟ್ಟಿಗೆ ಸೇರಿಸಿದೆ.

ಇಲ್ಲಿ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ನಿಮ್ಮ ತಂಗಿ ಅವಿವಾಹಿತೆಯಲ್ಲ. ಕಾಗದದ ಮೇಲೆ ಇನ್ನೂ ಹೆಂಡತಿ. ಹಾಗಾಗಿ ಅಫಿಡವಿಟ್‌ನಲ್ಲಿ ಅವಿವಾಹಿತೆ ಎಂದು ಅಪ್ಪಿತಪ್ಪಿಯೂ ಬರೆಯಬೇಡಿ. ಮದುವೆಯಾದ ವರ್ಷ, ಗಂಡ ಬಿಟ್ಟುಹೋದ ಸಮಯ, ವಿಚ್ಛೇದನದ ಕೇಸಿನ ನಂಬರು, ಮಗುವನ್ನು ಒಬ್ಬಳೇ ಸಾಕುತ್ತಿರುವ ಸಂಗತಿ ಇಷ್ಟನ್ನೂ ನಡೆದಂತೆಯೇ ಬರೆಸಿ. ಒಂಟಿ ಪೋಷಕಿ ಎಂಬ ನೆಲೆಯಲ್ಲಿ ಕೇಳಿ. ಕಚೇರಿಯವರು ಮದುವೆ ಇದ್ದಮೇಲೆ ಗಂಡನ ಹೆಸರು ಬೇಕೇ ಬೇಕು ಎಂದು ಹಿಂದೆ ಕಳಿಸಿದರೆ ಬಾಯಿಮಾತಿಗೆ ವಾಪಸು ಬರಬೇಡಿ, ಹಿಂಬರಹ ಕೇಳಿ, ಅಂದರೆ ಯಾಕೆ ಆಗುವುದಿಲ್ಲ ಎಂದು ಬರೆದುಕೊಡಲು ಹೇಳಿ. ನೋಂದಣಾಧಿಕಾರಿಯ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಹೋಗಬಹುದು. ಅವರು 90 ದಿನದಲ್ಲಿ ತೀರ್ಮಾನಿಸಬೇಕು. ಈ ದಾರಿಯೂ 2023ರಲ್ಲೇ ಬಂದದ್ದು. ಕೈಯಲ್ಲಿ ಹಿಂಬರಹ ಇಲ್ಲದಿದ್ದರೆ ಯಾವುದರ ಮೇಲೆ ಮೇಲ್ಮನವಿ ಹಾಕುತ್ತೀರಿ?

ಅಫಿಡವಿಟ್ ಸಹಿಯಾಗುವ ಮೊದಲು ವಿಚ್ಛೇದನದ ಕೇಸು ನಡೆಸುತ್ತಿರುವ ವಕೀಲರಿಗೆ ಒಮ್ಮೆ ತೋರಿಸಿ. ಅಲ್ಲಿ ಬರೆದದ್ದನ್ನು ಗಂಡನ ಕಡೆಯವರು ಆ ಕೇಸಿನಲ್ಲಿ ಬಳಸಬಹುದು. ಬೇರೆಯವರ ಜೊತೆಗಿನ ಸಂಬಂಧ 2018ರ ಸುಪ್ರೀಂ ಕೋರ್ಟು ತೀರ್ಪಿನ ನಂತರ ಅಪರಾಧವಲ್ಲ, ಪೊಲೀಸರ ಭಯ ಬೇಡ. ಆದರೆ ವಿಚ್ಛೇದನಕ್ಕೆ ಅದು ಈಗಲೂ ಕಾರಣವಾಗುತ್ತದೆ, ಜೀವನಾಂಶದ ಮೇಲೂ ಪರಿಣಾಮ ಬೀರಬಹುದು. ಹಾಗೇ, ಈಗಲೇ ಇಬ್ಬರಿಗೂ ಮದುವೆ ಮಾಡಿಸಿಬಿಡೋಣ ಎಂಬ ಯೋಚನೆ ಮನೆಯಲ್ಲಿ ಬಂದರೆ ಬಿಟ್ಟುಬಿಡಿ. ವಿಚ್ಛೇದನಕ್ಕೆ ಮುಂಚಿನ ಮದುವೆ ಅಸಿಂಧು, ಮೇಲಾಗಿ ಅದು ಅಪರಾಧ.

ಶಾಲೆಯ ಭಯಕ್ಕೆ ಜಾಸ್ತಿ ಮಾತು ಬೇಡ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ ಎಂಬುದು ನಿಜ. ಆದರೆ ಕಾಯ್ದೆ ಅದನ್ನು ಕೇಳುವುದು ಹುಟ್ಟಿದ ದಿನ, ಹುಟ್ಟಿದ ಜಾಗ ಇವೆರಡಕ್ಕೇ. ಪಾಸ್‌ಪೋರ್ಟಿಗೆ ತಂದೆ ತಾಯಿಯಲ್ಲಿ ಒಬ್ಬರ ಹೆಸರು ಸಾಕೆಂದು 2016ರ ಡಿಸೆಂಬರಿನಿಂದಲೇ ಇದೆ. ಪ್ಯಾನ್ ಕಾರ್ಡಿಗೂ ಒಂಟಿ ತಾಯಿಯ ಮಕ್ಕಳು ತಂದೆಯ ಹೆಸರು ಕೊಡಬೇಕಿಲ್ಲ, ಅದು 2018ರಿಂದ.

ಇನ್ನು ನಿಜವಾದ ತಂದೆಯ ಹೆಸರು. ಅವರು ಒಪ್ಪಿಕೊಂಡಿದ್ದಾರೆ, ಮುಂದೆ ಮದುವೆಯೂ ಆಗುತ್ತಾರೆ ಎಂದಿಟ್ಟುಕೊಳ್ಳೋಣ. ಅಷ್ಟಕ್ಕೇ ರಿಜಿಸ್ಟರಿನಲ್ಲಿ ಹೆಸರು ತಾನಾಗಿ ಬಂದು ಕೂರುವುದಿಲ್ಲ. ಮಗು ಹುಟ್ಟಿದ್ದು ಮೊದಲ ಮದುವೆ ಇದ್ದಾಗ, ಅದು ಬದಲಾಗುವುದಿಲ್ಲ. ಕೌಟುಂಬಿಕ ನ್ಯಾಯಾಲಯದಲ್ಲಿ ಮಗುವಿನ ತಂದೆ ಇವರೇ ಎಂಬ ಘೋಷಣೆಗಾಗಿ ದಾವೆ ಹಾಕಿ, ಗಂಡನ ಜೊತೆ ಸಂಪರ್ಕವೇ ಇರಲಿಲ್ಲ ಎಂಬುದಕ್ಕೆ ಸಾಕ್ಷ್ಯ ಕೊಡಬೇಕು. ಗಂಡ ಕೆಲಸ ಮಾಡುತ್ತಿದ್ದ ಊರಿನ ದಾಖಲೆ, ಬಾಡಿಗೆ ಕರಾರು, ವಿಚ್ಛೇದನದ ಅರ್ಜಿಯಲ್ಲಿ ಇಬ್ಬರೂ ಹೇಳಿರುವ ಮಾತು, ಅಕ್ಕಪಕ್ಕದವರ ಹೇಳಿಕೆ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಬಿಟ್ಟುಹೋದದ್ದು ಯಾವಾಗ ಎಂದು ಗಂಡನೇ ತನ್ನ ತಕರಾರಿನಲ್ಲಿ ಒಪ್ಪಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇರೆ ಬೇಡ. ಆ ಕಾಗದಗಳ ನಕಲು ಇವತ್ತೇ ತೆಗೆದಿಡಿ. ಇಷ್ಟು ಅಡಿಪಾಯ ಇದ್ದರೆ, ಎದುರಿಗಿರುವ ತಂದೆಯೂ ಒಪ್ಪಿದರೆ, ಡಿಎನ್‌ಎ ಪರೀಕ್ಷೆಗೆ ಅಲ್ಲಿ ಬೆಲೆ ಬರುತ್ತದೆ. ಆದೇಶ ಸಿಕ್ಕ ಮೇಲೆ 15ನೇ ಕಲಂ ಪ್ರಕಾರ ರಿಜಿಸ್ಟರಿನ ಅಂಚಿನಲ್ಲಿ ತಿದ್ದುಪಡಿ ಬರೆಯುತ್ತಾರೆ.

ಈ ದಾವೆಯನ್ನು ಮದುವೆ ಆಗಲಿ, ಆಮೇಲೆ ನೋಡೋಣ ಎಂದು ಮುಂದೂಡಬೇಡಿ. ಆತ ಒಳ್ಳೆಯವರು ಎಂದು ಬರೆದಿದ್ದೀರಿ, ನಂಬುತ್ತೇನೆ. ಆದರೆ ನಾಳೆ ಅವರ ಮನಸ್ಸು ಬದಲಾದರೆ, ಅಥವಾ ಅವರಿಗೇ ಏನಾದರೂ ಆದರೆ, ಜೀವನಾಂಶ ಕೇಳಲು ಹೋದಾಗ ಮಗುವಿಗೆ ಆ 116ನೇ ಕಲಂ ಎದುರಾಗುತ್ತದೆ. ಮದುವೆಯ ಹೊರಗೆ ಹುಟ್ಟಿದ ಮಗುವಿಗೂ ತಂದೆಯಿಂದ ಜೀವನಾಂಶದ ಹಕ್ಕಿದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಅದನ್ನು ಕೊಡುತ್ತದೆ. ತಂದೆ ಇವರೇ ಎಂದು ಮೊದಲು ತೋರಿಸಿಕೊಳ್ಳಬೇಕು, ಅಷ್ಟೇ. ಆತ ಮನಸಾರೆ ಸಹಿ ಹಾಕುವ ಈ ದಿನಗಳಲ್ಲೇ ಆ ಕೆಲಸ ಮುಗಿದರೆ ಮಗುವಿಗೆ ಕ್ಷೇಮ.

ವಕೀಲರ ಖರ್ಚಿನ ಬಗ್ಗೆ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಕಾನೂನು ಸೇವೆಗಳ ಪ್ರಾಧಿಕಾರಗಳ 1987ರ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಸಾಮಾನ್ಯವಾಗಿ ಅದರ ಕಚೇರಿ ಇರುತ್ತದೆ. 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ತಂಗಿಯನ್ನು ಅಲ್ಲಿಗೆ ಕಳಿಸಿ. ನೋಂದಣಿಯ ಅರ್ಜಿ ಮಾತ್ರ ಅದಕ್ಕೂ ಮೊದಲೇ ನಿಮ್ಮ ಮನೆಯಿಂದ ಹೋಗಲಿ.

ಸಂಪಾದಕ