ಗೋಬರ್ ಗ್ಯಾಸ್ ಗುಂಡಿಗೆ ಭತ್ತದ ಹುಲ್ಲು ಹಾಕಬಹುದಾ?

ಪ್ರಶ್ನೆ: ನಮ್ಮದು 2 ಘನ ಮೀಟರ್‌ನ ಗುಮ್ಮಟದ ಗೋಬರ್ ಗ್ಯಾಸ್. ಮೊದಲು ಐದು ದನ ಇದ್ದವು, ಈಗ ಎರಡೇ ಎಮ್ಮೆ. ಸಗಣಿ ಸಾಲದೆ ಭತ್ತದ ಹುಲ್ಲನ್ನೂ ತುರುಕಿದೆವು. ಗ್ಯಾಸ್ ಇನ್ನೂ ಕಡಿಮೆಯಾಯಿತು. ಹತ್ತಿ ಕಟ್ಟಿಗೆಯೂ ಬೇಕಾದಷ್ಟಿದೆ, ಹಾಕಬಹುದಾ?
– ರೈತರೊಬ್ಬರು, ಸಿಂಧನೂರು ತಾಲ್ಲೂಕು

ಉತ್ತರ: ನಿಮ್ಮ ಗುಂಡಿಗೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಬೇಕು. ಎರಡು ಎಮ್ಮೆಯಿಂದ 25–30 ಕೆಜಿ ಸಿಕ್ಕರೆ ಹೆಚ್ಚು. ಉಳಿದದ್ದನ್ನು ಹುಲ್ಲಿನಿಂದ ತುಂಬಿಸಬಹುದು, ಗದ್ದೆಯಲ್ಲಿ ಸುಮ್ನೆ ಸುಡುವುದಕ್ಕಿಂತ ಎಷ್ಟೋ ಮೇಲು. ಆದರೆ ಒಣ ಹುಲ್ಲು ಹಾಗೇ ಹಾಕಿದರೆ ತೇಲಿ, ಮೇಲೆ ದಪ್ಪ ಪದರ ಕಟ್ಟುತ್ತದೆ. ಕೆಳಗೆ ಹುಟ್ಟಿದ ಗ್ಯಾಸ್ ಅದನ್ನು ದಾಟಿ ಬರಲು ಒದ್ದಾಡುತ್ತದೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಜಾಸ್ತಿ, ಸಾರಜನಕ ಕಡಿಮೆ. ಹಾಗಾಗಿ ಕೊಳೆಯುವುದೂ ನಿಧಾನ.

ಮೊದಲು ಎರಡು ಮೂರು ವಾರ ಹುಲ್ಲು ನಿಲ್ಲಿಸಿ, ಬರೀ ಸಗಣಿ ಹಾಕಿ. ಬಗ್ಗಡ ಹೊರಬರುವ ಬಾಯಿಂದ ಉದ್ದನೆಯ ಬಿದಿರು ಇಳಿಸಿ ದಿನಾ ಕದಡಿ. ಏನೇ ಆದರೂ ಗುಂಡಿಯೊಳಗೆ ಮಾತ್ರ ಇಳಿಯಬೇಡಿ. ಒಳಗಿನ ಗಾಳಿಗೆ ಕ್ಷಣದಲ್ಲಿ ಪ್ರಜ್ಞೆ ತಪ್ಪುತ್ತದೆ, ಎತ್ತಲು ಹೋದವರೂ ಉಳಿಯುವುದಿಲ್ಲ.

ಆಮೇಲೆ ಹುಲ್ಲನ್ನು ಮೇವು ಕತ್ತರಿಸುವ ಯಂತ್ರದಲ್ಲಿ ಅರ್ಧ ಇಂಚಿಗೆ ಕತ್ತರಿಸಿ. ಗುಡ್ಡೆ ಹಾಕಿ, ಸಗಣಿ ನೀರು, ಗಂಜಲ ಚಿಮುಕಿಸಿ ಗೋಣಿಚೀಲ ಮುಚ್ಚಿ. ಗಂಜಲ ಬಿಡಬೇಡಿ, ಸಾರಜನಕ ಸಿಗುವುದು ಅದರಿಂದಲೇ. ಐದಾರು ದಿನಕ್ಕೆ ಗುಡ್ಡೆ ಬಿಸಿಯಾಗಿ, ಹುಲ್ಲು ಮೆತ್ತಗಾಗಿ ಬಣ್ಣ ಕಂದುತ್ತದೆ. ಆಗ ಹಾಕಿ. ತಿಂಗಳಗಟ್ಟಲೆ ಬಿಟ್ಟರೆ ಗೊಬ್ಬರವಾಗುತ್ತದೆ ಅಷ್ಟೇ, ಗ್ಯಾಸ್ ಆಗಬೇಕಿದ್ದ ಸತ್ವ ಗಾಳಿಗೆ ಹೋಗಿರುತ್ತದೆ.

ಒಣ ಹುಲ್ಲಿನ ಲೆಕ್ಕದಲ್ಲಿ ದಿನಕ್ಕೆ 1 ಕೆಜಿಯಿಂದ ಶುರುಮಾಡಿ, ನಿಧಾನವಾಗಿ 3 ಕೆಜಿಗೆ ಏರಿಸಿ. ಸಗಣಿಗೆ ಸಮ ನೀರು ಗೊತ್ತೇ ಇದೆ. ಹುಲ್ಲು ಮಾತ್ರ ನೀರು ಕುಡಿಯುತ್ತದೆ, ಕೆಜಿಗೆ 8–10 ಲೀಟರ್ ಹೆಚ್ಚಿಗೆ ಬೇಕು. ಅದರಲ್ಲಿ ಅರ್ಧ ಹೊರಬಂದ ಬಗ್ಗಡವನ್ನೇ ಬಳಸಿದರೆ ಸೂಕ್ಷ್ಮಜೀವಿಗಳು ಮರಳಿ ಸಿಗುತ್ತವೆ, ನೀರೂ ಉಳಿಯುತ್ತದೆ. ಒಲೆ ಸರಿಯಾಗಿ ಹತ್ತದೆ, ಬಗ್ಗಡ ಹುಳಿ ನಾತ ಬಂದರೆ ಹುಲ್ಲು ಜಾಸ್ತಿಯಾಯಿತೆಂದೇ ಲೆಕ್ಕ, ವಾರ ಬಿಡಿ.

ನಿಮ್ಮ ಕಡೆಯ ಬಿಸಿಲು ಗ್ಯಾಸಿಗೆ ಒಳ್ಳೆಯದೇ, 35 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಉತ್ಪತ್ತಿಯಾಗುತ್ತದೆ. ಡಿಸೆಂಬರ್–ಜನವರಿಯಲ್ಲಿ ಸ್ವಲ್ಪ ಇಳಿದರೆ ಗಾಬರಿ ಬೇಡ, ಗುಮ್ಮಟದ ಮೇಲೆ ಹುಲ್ಲು ಹೊದಿಸಿ.

ಹತ್ತಿ ಕಟ್ಟಿಗೆ ಬೇಡವೇ ಬೇಡ. ಅದು ಮರದ ಜಾತಿ, ಗುಂಡಿಯಲ್ಲಿ ಕರಗುವುದಿಲ್ಲ. ನೀರೊಲೆಗೆ ಇಟ್ಟುಕೊಳ್ಳಿ.