ಎರಡನೇ ದೋಸೆ

ಮೈಸೂರಿನಿಂದ ಬಂದ ಈ ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲಕ್ಕೆ ಸಿಟ್ಟು ಬಂತು.

ನಿಮಗೆ 43 ವರ್ಷ, ಬ್ಯಾಂಕ್ ಕೆಲಸ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಶುರುಮಾಡಿದವರು ಈಗ ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೀರಿ. ಪೂರ್ತಿ 42.195 ಕಿ.ಮೀ. ಆದರೆ ಎರಡು ಭಾನುವಾರ 24ನೇ ಕಿಲೋಮೀಟರಿಗೆ ತಲೆ ಸುತ್ತಿ ರಸ್ತೆ ಬದಿ ಕೂತುಬಿಟ್ಟಿರಿ. ಯಜಮಾನರು 'ಹೆಂಗಸರ ಮೈಗೆ ಇದು ಆಗಿಬರಲ್ಲ' ಅಂದರು. ಅವರ ಮಾತೇ ನಿಜವಾ, ಹಾಫ್‌ಗೆ, ಅಂದರೆ ಅರ್ಧ ಮ್ಯಾರಥಾನ್‌ಗೆ ಇಳಿದುಬಿಡಲಾ ಅಂತ ನಿಮ್ಮ ಪ್ರಶ್ನೆ.

ಯಜಮಾನರ ವಿಷಯ ಬೇಗ ಮುಗಿಸೋಣ. 1967ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಹೆಂಗಸರು ಓಡಬಾರದು ಅಂತ ಅಧಿಕಾರಿಯೊಬ್ಬ ನುಗ್ಗಿ ಓಟಗಾರ್ತಿ ಕ್ಯಾಥ್ರಿನ್ ಸ್ವಿಟ್ಜರ್ ಅವರ ನಂಬರು ಚೀಟಿ ಕೀಳಲು ನೋಡಿದ. ಅವರು ಓಡಿ ಮುಗಿಸಿಯೇ ಬಿಟ್ಟರು. ಒಲಿಂಪಿಕ್ಸ್‌ನವರು ಹೆಂಗಸರಿಗೂ ಮ್ಯಾರಥಾನ್ ಇಡಲು ಮಾತ್ರ 1984 ಬರಬೇಕಾಯಿತು. ನಿಮ್ಮವರು ಇನ್ನೂ 1966ರಲ್ಲಿದ್ದಾರೆ, ಇರಲಿ ಬಿಡಿ. ನಸುಕಿನಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಸ್ಕೂಟರಿನಲ್ಲಿ ನಿಮ್ಮ ಹಿಂದೆ ಬರುವವರೂ ಅವರೇ ಅಲ್ವಾ? ಮಾತು ಒರಟು, ಮನುಷ್ಯ ಪರವಾಗಿಲ್ಲ.

ನನ್ನನ್ನು ಕೆಣಕಿದ್ದು ನೀವು ಸುಮ್ನೆ ಹೇಳಿ ಮುಂದೆ ಹೋದ ಸಾಲು. 'ಭಾನುವಾರ ಬರೀ ಕಾಫಿ ಕುಡಿದು ಓಡ್ತೀನಿ. ಎಂಟೂವರೆಗೆ ಬಂದು ಎಲ್ಲರಿಗೂ ದೋಸೆ ಹಾಕ್ತೀನಿ. ಮಗ ಏಳೋದು ಲೇಟು, ಅವನಿಗೆ ಬಿಸಿದೇ ಆಗಬೇಕು. ನನ್ನ ತಿಂಡಿ ಹತ್ತೂವರೆ ಆಗುತ್ತೆ.'

ಮಗ ಎಳೆ ಕೂಸೇನಲ್ಲ. ಎಂಜಿನಿಯರಿಂಗ್ ಎರಡನೇ ವರ್ಷ!

ಈ ಅಂಕಣದಲ್ಲಿ ಹಿಂದೆಯೂ ಇದನ್ನೇ ಬರೆದು ಬೈಸಿಕೊಂಡಿದ್ದೇನೆ. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು ಅಂತ ನೋಡಿದರೆ ಆ ಮನೆಯ ಅರ್ಧ ಕಾಯಿಲೆ ಗೊತ್ತಾಗುತ್ತದೆ. ಓಡುವಾಗ ಮೈ ಉರಿಸುವುದು ಹೆಚ್ಚಾಗಿ ಕೂಡಿಟ್ಟ ಸಕ್ಕರೆಯನ್ನು. ಹೊಟ್ಟೆಗೆ ಹಾಕಿಕೊಂಡು ಹೊರಟವರಿಗೂ ಸಾಮಾನ್ಯವಾಗಿ 30 ಕಿ.ಮೀ. ಆಸುಪಾಸು ಅದು ಬರಿದಾಗುತ್ತದೆ. ಓಟಗಾರರು ಅದಕ್ಕೇ 'ವಾಲ್' ಅನ್ನುವುದು, ಗೋಡೆಗೆ ಗುದ್ದಿದ ಹಾಗೆ ಕಾಲು ನಿಂತುಬಿಡುತ್ತದೆ. ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿರುವ ನಿಮಗೆ ಆ ಗೋಡೆ ಇನ್ನೂ ಬೇಗ ಎದುರಾಗುತ್ತದೆ. ಓಡಿ ಬಂದ ಮೇಲಾದರೂ ಮೈ ಬೇಡಿದ್ದನ್ನು ಕೊಟ್ಟಿರಾ? ಎರಡು ಗಂಟೆ ಒಲೆ ಮುಂದೆ ನಿಲ್ಲಿಸಿದಿರಿ.

ಎರಡು ಸಲ ತಲೆ ಸುತ್ತಿದೆ, ಅದನ್ನು ಹಗುರ ಮಾಡಬೇಡಿ. ಮೊದಲು ಡಾಕ್ಟರ್ ಹತ್ತಿರ ಹೋಗಿ ಹಿಮೋಗ್ಲೋಬಿನ್, ಕಬ್ಬಿಣದ ಅಂಶ ನೋಡಿಸಿ. ಅವರು ಸರಿ ಅನ್ನುವವರೆಗೆ ಉದ್ದದ ಓಟ ಬೇಡ. ಆಮೇಲೆ ಹೊರಡುವ ಮುಂಚೆ ಬಾಳೆಹಣ್ಣು, ಜೇಬಿನಲ್ಲಿ ಖರ್ಜೂರ. ಹಾಫೋ ಫುಲ್ಲೋ ಅಂತ ನಾಲ್ಕು ಭಾನುವಾರ ತಿಂದು ಓಡಿದ ಮೇಲೆ ಕೇಳಿ. ಈಗಲೇ ಉತ್ತರ ಕೊಡುವುದಿಲ್ಲ.

ನೀವು ಮಾಡಬೇಕಾದ್ದು ಒಂದೇ. ಭಾನುವಾರ ಓಡಿ ಬಂದವರು ಅಡುಗೆಮನೆಗೆ ಕಾಲಿಡಬೇಡಿ, ಊಟದ ಮೇಜಿನ ಮುಂದೆ ಕೂತುಬಿಡಿ. ಎಂಟೂವರೆಗೆ ಮಗ ಎದ್ದು ಕಾವಲಿ ಇಟ್ಟಿರಬೇಕು. ಅವನ ಮೊದಲ ದೋಸೆ ಅಂಟುತ್ತದೆ, ಹರಿಯುತ್ತದೆ. ಅದನ್ನು ಅವನೇ ತಿನ್ನಲಿ. ಎರಡನೆಯದು ನಿಮ್ಮ ತಟ್ಟೆಗೆ.